ತಿದ್ದಬಾರದ ತಪ್ಪುಗಳು

ಚಿನ್ನು, ಪುಟ್ಟಿ, ನಿಮ್ಮ ಈ ಅಜ್ಜಿ ಆಫೀಸಿನಲ್ಲಿ ಏನು ಮಾಡುತ್ತಿದ್ದಳು ಎಂದು ನೀವು ಕೇಳಿದಾಗಲೆಲ್ಲ ‘ಟೈಪಿಂಗ್’ ಎಂದಷ್ಟೇ ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಎದುರಿಗೆ ಕೂತು ಹೇಳುವುದು ನನಗೆ ಬಾರದು. ಬರೆದರೆ ಆದೀತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಿಮ್ಮ ತಾತ ತೀರಿಹೋಗಿದ್ದರು. ವಸಂತಪುರದಿಂದ ಎರಡು ಬಸ್ಸು ಹಿಡಿದು ಜಯನಗರದ ಒಂದು ಸಣ್ಣ ಆಫೀಸಿಗೆ ಹೋಗುತ್ತಿದ್ದೆ. ಹೈಸ್ಕೂಲು ಮಕ್ಕಳಿಗೆ ಕನ್ನಡದಲ್ಲೇ ಪ್ರೋಗ್ರಾಂ ಬರೆಯಲು ಕಲಿಸುವ ಸಿ.ಡಿ. ಅಲ್ಲಿ ತಯಾರಾಗುತ್ತಿತ್ತು. ಪಾಠಗಳನ್ನು ಟೈಪ್ ಮಾಡುವುದು ನನ್ನ ಕೆಲಸ. ಪಾಠ, ಚಿತ್ರ ಎಲ್ಲವನ್ನೂ ಜೋಡಿಸಿ ಸಿ.ಡಿ. ಮಾಡುವ ಸಾಫ್ಟ್‌ವೇರಿಗೆ ‘ಎಡಿಟರ್’ ಎನ್ನುತ್ತಿದ್ದರು. ಇಂಜಿನಿಯರ್ ಧಾರವಾಡದ ಕಡೆಯ ಹೆಣ್ಣುಮಗಳು, ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದಳು. ಊಟದ ಬಿಡುವಿನಲ್ಲಿ ನನಗೂ ಸಣ್ಣ ಸಣ್ಣ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆಯುವುದನ್ನು ಹೇಳಿಕೊಟ್ಟಳು. ಮಾಡಿದ ತಪ್ಪನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಒಂದು ದಿನ ಅದು ಅವಳ ಕಣ್ಣಿಗೆ ಬಿತ್ತು.

“ಅಕ್ಕಾರ, ಇವನ್ನ ಪಾಠ ಮಾಡೂಣ್ರಿ. ಇಂಥಾ ತಪ್ಪು ನಾ ತಲಿಕೆಳಗ ನಿಂತ್ರೂ ಹೊಳ್ಯಂಗಿಲ್ಲ.”

ಹಾಗೆ ನನ್ನ ಇಪ್ಪತ್ತನಾಲ್ಕು ತಪ್ಪುಗಳು ಇಪ್ಪತ್ತನಾಲ್ಕು ಸ್ಕ್ರಿಪ್ಟ್ ಫೈಲುಗಳಾದವು. ಮಕ್ಕಳು ಒಂದೊಂದನ್ನೇ ತೆರೆದು ತಪ್ಪು ಹುಡುಕಬೇಕು.

ಸಿ.ಡಿ.ಯನ್ನು ಶಾಲೆಗೆ ಕೊಡಬೇಕಾದ ದಿನ ಬೆಳಿಗ್ಗೆ ಆಫೀಸಿನ ಯಜಮಾನರು ನನ್ನ ಮೇಜಿನ ಹತ್ತಿರ ಬಂದರು. “ಏನ್ ಮೇಡಂ, ಇಷ್ಟೊಂದು ತಪ್ಪು ಟೈಪ್ ಮಾಡಿದೀರಲ್ಲ. ಎಡಿಟರ್ ಬರೀ ಎರರ್ ತೋರಿಸ್ತಿತ್ತು. ನಾನೇ ಕೂತು ಎಲ್ಲಾ ಸರಿಮಾಡ್ದೆ. ಬೇಜಾರ್ ಮಾಡ್ಕೋಬೇಡಿ.”

ಅವರೆದುರು ಅಲ್ಲಿಯವರೆಗೆ ‘ಹೂಂ ಸಾರ್’ ಬಿಟ್ಟು ಬೇರೆ ಮಾತಾಡಿದವಳಲ್ಲ ನಾನು. ಸೆರಗು ಹಿಡಿದುಕೊಂಡೇ ಹೇಳಿದೆ. “ಅವು ತಪ್ಪಾಗೇ ಇರಬೇಕಿತ್ತು ಸಾರ್.”

ವಿಷಯ ತಿಳಿದು ಅವರು ನಕ್ಕರು. ಆಮೇಲೆ ತಲೆ ಕೆರೆದುಕೊಂಡರು. “ತಪ್ಪಿದ್ರೆ ಎಡಿಟರ್ ಮುಂದಕ್ಕೇ ಹೋಗಲ್ಲ. ತಪ್ಪಿಲ್ದಿದ್ರೆ ಪಾಠಾನೇ ಇಲ್ಲ. ಆ ಪಾಠ ತೆಗೆದುಬಿಡೋಣ.”

“ಸಂಜೆವರೆಗೂ ಟೈಮ್ ಕೊಡಿ ಸಾರ್” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ನೋಟ್‌ಬುಕ್ ನೋಡಿಕೊಂಡು ಇಪ್ಪತ್ತನಾಲ್ಕನ್ನೂ ಮತ್ತೆ ತಪ್ಪು ಮಾಡಿದೆ. ಪರದೆಯ ತುಂಬ ಎರರ್. ಇಂಜಿನಿಯರ್ ಫೈಲುಗಳ ಹೆಸರಿನ ಕೊನೆಯ ಅಕ್ಷರಗಳನ್ನು ಬದಲಿಸಿ ನೋಡಿದಳು. ಎರರ್ ಹೋಯಿತು, ಆದರೆ ಪಾಠದಲ್ಲಿ ಫೈಲೇ ತೆರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಸಾಕಾಗಿತ್ತು. “ಬಿಡ್ರಿ ಅಕ್ಕಾರ. ಇದು ಸ್ಕ್ರಿಪ್ಟ್ ಕಂಡ್ರ ಸಾಕು, ಕಂಪೈಲ್ ಮಾಡಾಕ ಹೊಂಟಬಿಡ್ತದ.”

ಕಂಪೈಲ್ ಎಂದರೆ ನಾವು ಬರೆದದ್ದನ್ನು ಓದಿ ಯಂತ್ರದ ಭಾಷೆಗೆ ತಿರುಗಿಸುವುದು. ಎಡಿಟರ್ ತೋರಿಸುವ ಫೈಲುಗಳ ಪಟ್ಟಿಯಲ್ಲಿ ಪಾಠದ ಚಿತ್ರಗಳೂ ಇದ್ದವು. “ಈ ಚಿತ್ರಗಳ ತಂಟೆಗೆ ಯಾಕೆ ಹೋಗಲ್ಲ ಅದು?” ಎಂದು ಕೇಳಿದೆ.

“ಅವನ್ನ ಓದಂಗಿಲ್ರಿ. ಹಂಗ ಎತ್ತಿ ಸಿ.ಡಿ.ಗೆ ಹಾಕ್ತದ.”

“ನಮ್ಮೂರಲ್ಲಿ ಬಿತ್ತನೆ ರಾಗೀನ ಬೂದಿ ಕಲಸಿ ಬೇರೆ ಮಡಕೇಲಿ ಇಡ್ತಿದ್ವಿ ಕಣಮ್ಮ. ಮಿಷನ್‌ಗೆ ಹೋಗೋ ಚೀಲದಲ್ಲಿ ಸೇರಿದ್ರೆ ಅದೂ ಹಿಟ್ಟೇ. ಇದು ಬಿತ್ತನೇದು ಅಂತ ಈ ಎಡಿಟರ್‌ಗೆ ಹೇಳೋಕಾಗಲ್ವಾ?”

ಅವಳು ಒಂದು ಚಿತ್ರದ ವಿವರ, ಒಂದು ಸ್ಕ್ರಿಪ್ಟಿನ ವಿವರ ಎರಡನ್ನೂ ತೆರೆದು ತೋರಿಸಿದಳು. ಪ್ರೂಫ್ ನೋಡುವ ಹಾಗೆ ಸಾಲು ಸಾಲಾಗಿ ಬೆರಳಿಟ್ಟು ಹೋಲಿಸಿದೆ. ಅದು ಯಾವ ಬಗೆಯ ಫೈಲು, ಅದನ್ನು ಏನು ಮಾಡಬೇಕು ಎಂಬ ಸಾಲಿನಲ್ಲಿ ಚಿತ್ರಕ್ಕೆ ‘ರಿಸೋರ್ಸ್’, ಅಂದರೆ ಇದ್ದ ಹಾಗೇ ಎತ್ತಿಡುವ ಸಾಮಗ್ರಿ, ಎಂದಿತ್ತು. ಸ್ಕ್ರಿಪ್ಟಿಗೆ ‘ಕಂಪೈಲ್’.

ಸ್ಕ್ರಿಪ್ಟಿನದನ್ನೂ ‘ರಿಸೋರ್ಸ್’ ಮಾಡಿದೆ. ಇಪ್ಪತ್ತನಾಲ್ಕು ಎರರ್ ಇಪ್ಪತ್ತಮೂರಾಯಿತು.

“ಅಯ್ಯ, ಇಷ್ಟ ಏನ್ರಿ?” ಎಂದು ಅವಳು ಹಣೆ ಬಡಿದುಕೊಂಡಳು. ಮೌಸ್ ಅವಳಿಗೆ ಕೊಡದೆ ಉಳಿದವನ್ನೂ ನಾನೇ ಬದಲಿಸಿದೆ. ಸಂಜೆ ಆ ಸಿ.ಡಿ. ನನ್ನ ತಪ್ಪುಗಳ ಸಮೇತ ಗೊಟ್ಟಿಗೆರೆಯ ಶಾಲೆಗೆ ಹೋಯಿತು. ಹೊಸ ಸ್ಕ್ರಿಪ್ಟ್ ಸೇರಿಸಿದಾಗಲೆಲ್ಲ ಎಡಿಟರ್ ಮತ್ತೆ ‘ಕಂಪೈಲ್’ ಎಂದೇ ಹಾಕಿಕೊಳ್ಳುತ್ತಿತ್ತು. ಅದಕ್ಕೇ ‘ಬಿತ್ತನೆ ನೋಡಿ’ ಎಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಿದೆ. ನಾನು ಕೆಲಸ ಬಿಡುವವರೆಗೂ ಯಾರೂ ಅದನ್ನು ಕೀಳಲಿಲ್ಲ.

ಆ ನೋಟ್‌ಬುಕ್ಕನ್ನು ಈ ಹಾಳೆಗಳ ಜೊತೆಗೇ ಕಟ್ಟಿಟ್ಟಿದ್ದೇನೆ. ಹಳ್ಳಿ ಸ್ಕೂಲಿನಲ್ಲಿ ಕಲಿತ ಬರಹ, ಇಲ್ಲೂ ತಪ್ಪುಗಳಿರುತ್ತವೆ. ಯಾವುದನ್ನೂ ತಿದ್ದಲು ಹೋಗಬೇಡಿ. ಇದ್ದ ಹಾಗೇ ಎತ್ತಿಡಿ.