ಒಂದು ಆ್ಯಪಿನ ಅಮಾನತು

ನನಗೊಂದು ಚಟವಿದೆ. ನಾಚಿಕೆಪಡುವಂಥದ್ದೇನಲ್ಲ, ಆದರೆ ಹೆಂಡತಿಯ ಮುಂದೆ ಮಾತ್ರ ಅದರ ಸುದ್ದಿ ಎತ್ತುವ ಹಾಗಿಲ್ಲ. ಯಾರ ಕೈಯಲ್ಲಾದರೂ ಹೊಸ ಫೋನು ಕಂಡರೆ ಸಾಕು, ಅದನ್ನು ಈಸಿಕೊಂಡು, ಕಂಪನಿಯವರು ಮೊದಲೇ ಅದರೊಳಗೆ ತುಂಬಿ ಕಳಿಸಿರುವ ಬೇಡದ ಆ್ಯಪ್‌ಗಳನ್ನೆಲ್ಲ ಹೆಕ್ಕಿ ಹೆಕ್ಕಿ ತೆಗೆಯಬೇಕು ಅನಿಸುತ್ತದೆ. ಎದುರಿಗೆ ಕೂತವರ ತಲೆಯಲ್ಲಿ ಒಂದು ಬಿಳಿ ಕೂದಲು ಕಂಡರೆ ಕೈ ತುರಿಸುವವರು ಇರುತ್ತಾರಲ್ಲ, ನಾನೂ ಅದೇ ಪೈಕಿ.

ನೀವೇ ಹೇಳಿ, ದುಡ್ಡು ಕೊಟ್ಟು ಫೋನು ತಂದವರು ನಾವು. ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗೆ ಆಗಲೇ ಹತ್ತಾರು ಜನ ಸಂಸಾರ ಹೂಡಿರುತ್ತಾರೆ. ಇಸ್ಪೀಟು ಆಡೋಣ ಬಾ ಎನ್ನುವವನೊಬ್ಬ, ಸಾಲ ಬೇಕೇ ಎನ್ನುವವನೊಬ್ಬ, ಹಣ್ಣು ಕತ್ತರಿಸುವ ಆಟ, ಎರಡೆರಡು ಬ್ರೌಸರು, ನಾವು ಕಂಡೇ ಇಲ್ಲದ ಊರಿನ ಹವಾಮಾನ. ಇವೆಲ್ಲದರ ಜೊತೆಗೆ, ಫೋನಿನ ಬೀಗ ತೆಗೆಯುವುದಕ್ಕೂ ಮೊದಲೇ ಪರದೆಯ ಮೇಲೆ ಬಂದು ಯಾವುದೋ ನಟಿಯ ಮದುವೆ ಸುದ್ದಿ ಊದುವ ಮಹಾಶಯ ಬೇರೆ. ಚಾಮರಾಜನಗರದಲ್ಲಿ ನಾವೊಂದು ಬಾಡಿಗೆ ಮನೆಗೆ ಹೋದಾಗ ಹಿಂದಿನವರು ಬಿಟ್ಟುಹೋಗಿದ್ದ ಹಳೇ ಕ್ಯಾಲೆಂಡರು, ಒಂದು ಹರಿದ ಮೊರ ಸಿಕ್ಕಿದ್ದವು. ಅಷ್ಟಕ್ಕೇ ನನ್ನ ಹೆಂಡತಿ ಒಂದು ವಾರ ಗೊಣಗಿದ್ದಳು. ಫೋನಿನ ವಿಷಯದಲ್ಲಿ ಮಾತ್ರ ಲೋಕವೆಲ್ಲ ಸುಮ್ಮನಿದೆ.

ಈ ಆ್ಯಪ್‌ಗಳಲ್ಲಿ ಎರಡು ಬಗೆ. ಕೆಲವನ್ನು ಒತ್ತಿಹಿಡಿದು ಅನ್‌ಇನ್‌ಸ್ಟಾಲ್ ಅಂದರೆ ತೆಪ್ಪಗೆ ಹೊರಟುಹೋಗುತ್ತವೆ. ಇನ್ನು ಕೆಲವು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಅವುಗಳಿಗೆ ಸೆಟ್ಟಿಂಗ್ಸ್ ಒಳಗೆ ಹೋಗಿ ಡಿಸೇಬಲ್ ಅನ್ನುವ ಗುಂಡಿ ಒತ್ತಬೇಕು. ಇದರ ವ್ಯತ್ಯಾಸವನ್ನು ಸರ್ಕಾರಿ ನೌಕರನಷ್ಟು ಚೆನ್ನಾಗಿ ಬಲ್ಲವರು ಇನ್ನಾರೂ ಇಲ್ಲ. ಮೊದಲನೆಯದು ವಜಾ, ಎರಡನೆಯದು ಅಮಾನತು. ವಜಾ ಆದವನ ಕುರ್ಚಿಯೂ ಖಾಲಿ, ಹೆಸರೂ ಖಾಲಿ. ಅಮಾನತಾದವನು ಕೆಲಸಕ್ಕೆ ಬರುವುದಿಲ್ಲ, ಸಹಿ ಹಾಕುವುದಿಲ್ಲ, ಯಾರನ್ನೂ ಕಾಡುವುದಿಲ್ಲ. ಆದರೆ ಇಲಾಖೆಯ ಪಟ್ಟಿಯಲ್ಲಿ ಹೆಸರಿರುತ್ತದೆ, ಜೀವನಾಧಾರ ಭತ್ಯೆ ಅಂತ ಚೂರುಪಾರು ಸಲ್ಲುತ್ತಿರುತ್ತದೆ. ಡಿಸೇಬಲ್ ಆದ ಆ್ಯಪೂ ಹಾಗೇ, ಒಂದು ಮೂಲೆಯಲ್ಲಿ ಒಂದಿಷ್ಟು ಜಾಗ ಹಿಡಿದು ಮಲಗಿರುತ್ತದೆ. ಇಲಾಖೆಯಲ್ಲಿ ಅಮಾನತಿನ ಹಿಂದೆ ವಿಚಾರಣೆ ಅಂತಲೂ ಒಂದಿರುತ್ತದೆ. ನಾನು ಆ ಭಾಗವನ್ನು ಕೈಬಿಟ್ಟಿದ್ದೆ.

ಉಮ್ಮತ್ತೂರಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಕೈಗೆ ಒಳ್ಳೆಯ ಹೆಸರಿತ್ತು. ಮಧ್ಯಾಹ್ನದ ಊಟವಾದ ಮೇಲೆ ಒಬ್ಬೊಬ್ಬರೇ ಫೋನು ತಂದು ಮುಂದಿಡುತ್ತಿದ್ದರು. ನಾನು ಕನ್ನಡಕ ಏರಿಸಿಕೊಂಡು, ‘ಇದ್ಯಾಕ ಇಟ್ಕೊಂಡಿದ್ದೀರಿ, ಇದ್ಯಾಕ?’ ಎಂದು ಗದರುತ್ತ ಶುಚಿ ಮಾಡಿಕೊಡುತ್ತಿದ್ದೆ. ಮನೆಯಲ್ಲಿ ಈ ಕೀರ್ತಿಗೆ ಬೆಲೆಯಿರಲಿಲ್ಲ. ‘ಅಟ್ಟ ಖಾಲಿ ಮಾಡ್ರೀ ಅಂದ್ರ ಸೊಂಟ ಹಿಡ್ಕೊಳ್ತದ, ಊರೋರ ಫೋನ್ ಖಾಲಿ ಮಾಡಕ್ಕ ಮಾತ್ರ ಮೈಯೆಲ್ಲ ಹುರುಪು’ ಎಂದು ಹೆಂಡತಿ ಕುಟುಕುತ್ತಿದ್ದಳು. ಮಾತು ನಿಜವೇ ಆಗಿತ್ತು.

ಹೀಗಿರುವಾಗ ಹಂಗಳದಿಂದ ನನ್ನ ಅಕ್ಕ ಫೋನು ಮಾಡಿದಳು. ಅಕ್ಕನ ಹೊಲ ಊರಾಚೆ, ಬಂಡೀಪುರದ ಕಾಡಿನ ಅಂಚಿಗೇ ಇದೆ. ಚೆಂಡುಹೂ ಬೆಳೆಯುತ್ತಾಳೆ. ಹೂ ಅರಳುವ ದಿನಗಳಲ್ಲಿ ಕೇರಳದ ಕಾರುಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಂತು, ಅವರೆಲ್ಲ ಹೊಲದೊಳಗೆ ಇಳಿದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅವರು ಬರುವುದು ಬಿಸಿಲೇರಿದ ಮೇಲೆ. ಅಕ್ಕ ಮತ್ತು ಜೊತೆಯ ನಾಲ್ಕು ಹೆಂಗಸರು ಹೊಲಕ್ಕೆ ಇಳಿಯುವುದು ಇನ್ನೂ ಮಬ್ಬಿರುವಾಗಲೇ, ಹೂವಿನ ಟೆಂಪೊ ರಸ್ತೆಗೆ ಬರುವುದರೊಳಗೆ ಚೀಲ ತುಂಬಬೇಕಲ್ಲ. ರಾತ್ರಿ ಬೆಳೆ ಮೇಯಲು ಬಂದ ಆನೆಗಳು ಕಾಡಿಗೆ ವಾಪಸು ಹೋಗುವುದೂ ಸರಿಯಾಗಿ ಅದೇ ಹೊತ್ತಿಗೆ.

‘ಈ ಫೋನು ನಿಂತ್ ನಿಂತೋಯ್ತದ ಕಣ್ಲಾ’ ಎಂದಳು ಅಕ್ಕ. ‘ಎಂತೆಂಥದ್ದೋ ಮುಂದ್ಕ ಬಂದು ಕೂತ್ಕತ್ತದ. ಮೊನ್ನ ಮಾದೇವಣ್ಣ ಫೋನ್ ಮಾಡವ್ನ, ಇದು ಹೊಡ್ಕೊಳ್ಳೇ ಇಲ್ಲ. ಆನ ಇತ್ತಂತ ಅವತ್ತು. ಒಂದಿನ ಬಂದು ನೋಡ್ಬುಡು.’

ಮಾದೇವಣ್ಣನ ಕೊಟ್ಟಿಗೆ ಆನೆ ಕಂದಕದ ಪಕ್ಕದಲ್ಲಿದೆ. ಹಾಲು ಕರೆಯಲು ಎಲ್ಲರಿಗಿಂತ ಮೊದಲು ಏಳುವವನು ಅವನು. ಆನೆ ಕಂಡರೆ ಆ ದಾರಿಯಲ್ಲಿ ಹೊಲವಿರುವವರಿಗೆಲ್ಲ ಫೋನು ಮಾಡುತ್ತಾನೆ. ಯಾರೂ ವಹಿಸಿದ ಕೆಲಸವಲ್ಲ. ಅಂಥ ಫೋನು ಅಕ್ಕನಿಗೆ ತಲುಪಲಿಲ್ಲವೆಂದರೆ ನಾನು ಇಲ್ಲಿ ಕೂತಿರಲಾದೀತೇ? ಶನಿವಾರ ಶಾಲೆ ಬಿಟ್ಟಕೂಡಲೇ ಗುಂಡ್ಲುಪೇಟೆಯ ಬಸ್ಸು ಹತ್ತಿದೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹಂಗಳದಲ್ಲಿ ಇಳಿದೆ.

ಸಂಜೆ ಜಗುಲಿಯ ಮೇಲೆ ಕೂತು ಕೆಲಸ ಶುರುಮಾಡಿದೆ. ಫೋನಿನ ಸ್ಥಿತಿ ನಾನೆಣಿಸಿದ್ದಕ್ಕಿಂತ ಕೆಟ್ಟದಾಗಿತ್ತು. ಹನ್ನೊಂದು ಆ್ಯಪ್‌ಗಳನ್ನು ವಜಾ ಮಾಡಿದೆ. ನಟಿಯ ಮದುವೆ ಸುದ್ದಿಯವನೂ ಸೇರಿ ಎಂಟನ್ನು ಅಮಾನತಿನಲ್ಲಿಟ್ಟೆ. ಅಷ್ಟಕ್ಕೇ ಫೋನು ಹಗುರಾಗಿ ಓಡತೊಡಗಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕೈ ತುರಿಸುತ್ತಿತ್ತಲ್ಲ! ಪಟ್ಟಿಯಲ್ಲಿ ಇನ್ನೊಂದು ಕಂಡಿತು, ಫೋನಿನಲ್ಲಿರುವ ಅಕ್ಷರಗಳನ್ನು ದನಿಯೆತ್ತಿ ಓದಿ ಹೇಳುವ ಆ್ಯಪು. ನಮ್ಮಕ್ಕ ಏಳನೇ ಕ್ಲಾಸಿನವರೆಗೆ ಓದಿದವಳು, ಪೇಪರನ್ನು ನನಗಿಂತ ಬೇಗ ಓದಿ ಮುಗಿಸುತ್ತಾಳೆ. ಅವಳಿಗೆ ಓದಿ ಹೇಳಲು ಇನ್ನೊಬ್ಬರು ಯಾಕೆ? ಅದನ್ನೂ ಅಮಾನತು ಮಾಡಿದೆ. ಅಕ್ಕ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ‘ಹೊಟ್ಟ ತಣ್ಣಗಿರ್ಲಿ ಕಣ್ಲಾ’ ಎಂದು ಹರಸಿ, ಹುರುಳಿ ಸಾರಿಗೆ ಒಂದು ಮುದ್ದೆ ಜಾಸ್ತಿಯೇ ಬಡಿಸಿದಳು. ಭಾವ ಮಗಳ ಊರಿಗೆ ಹೋಗಿದ್ದರಿಂದ ಅವರ ಪಾಲಿನ ಮುದ್ದೆಯೂ ನನಗೇ ಬಂತು.

ಬೆಳಿಗ್ಗೆ ಹೆಂಗಸರ ಜೊತೆ ನಾನೂ ಹೊಲಕ್ಕೆ ಹೋದೆ. ಹೂ ಬಿಡಿಸಲು ಅಂತ ನೀವು ತಿಳಿದರೆ ತಪ್ಪು, ನಾನು ಹೋಗಿದ್ದು ಸ್ಟೇಟಸ್ಸಿಗೆ ಒಂದು ಫೋಟೊ ತೆಗೆಯಲು. ಹೆಂಗಸರು ಮಡಿಲು ಕಟ್ಟಿ ಸಾಲು ಹಿಡಿದರು. ಆ ಕೆಲಸ ನೋಡಿದವರಿಗೆ ಗೊತ್ತು, ಎರಡು ಕೈಗೂ ಬಿಡುವಿರುವುದಿಲ್ಲ, ಬೆರಳಿಗೆಲ್ಲ ಹಸಿರು ಅಂಟು. ಅಕ್ಕ ಫೋನನ್ನು ಒಂದು ಬಟ್ಟೆ ಚೀಲದಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಂಡಿದ್ದಳು. ನಾನು ಮಂಜಿನ ಹಿಂದೆ ಬೆಟ್ಟ ಬರುವ ಹಾಗೆ ಕೋನ ಹುಡುಕುತ್ತಿದ್ದೆ.

ಫೋನು ಒಂದು ಸಲ ಬಡಿದುಕೊಂಡು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಡಿದು ನಿಂತಿತು.

‘ಯಾರಕ್ಕಾ?’ ಎಂದೆ.

‘ಯಾರೋ ಏನೋ. ಕೂಸು ಹೆಸ್ರು ಹೇಳ್ನಿಲ್ಲ. ಹೇಳ್ನಿಲ್ಲ ಅಂದ್ರ ನಮ್ಮೋರಲ್ಲ ಬುಡು’ ಎಂದು ಅಕ್ಕ ಸಾಲಿನಲ್ಲಿ ಮುಂದೆ ಹೋದಳು.

ಯಾವ ಕೂಸು ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ, ಬೆಟ್ಟ ಇನ್ನೂ ಚೌಕಟ್ಟಿಗೆ ಬಂದಿರಲಿಲ್ಲ. ಫೋನು ಮೂರನೇ ಸಲ ಶುರುವಾಯಿತು. ಈ ಸಲ ನಿಲ್ಲಲೇ ಇಲ್ಲ. ಅಕ್ಕ ಬೇಸರದಿಂದ ನನ್ನ ಹತ್ತಿರ ಬಂದು ಕತ್ತು ಮುಂದೆ ಮಾಡಿ, ‘ಯಾರು ಅಂತ ನೋಡ್ಲಾ, ನನ್ ಕೈಯೆಲ್ಲ ಅಂಟು’ ಎಂದಳು. ನಾನು ಚೀಲದಿಂದ ಫೋನು ತೆಗೆದು, ಹಾಜರಿ ಕರೆಯುವ ದನಿಯಲ್ಲಿ, ‘ಮಾದೇವಣ್ಣ’ ಎಂದು ಓದಿದೆ.

ಅಕ್ಕ ಫೋನು ಎತ್ತು ಅನ್ನಲಿಲ್ಲ, ಏನು ಅಂತ ಕೇಳು ಅನ್ನಲಿಲ್ಲ. ಹೆಂಗಸರ ಕಡೆ ತಿರುಗಿ ತಗ್ಗಿದ ದನಿಯಲ್ಲಿ, ‘ಏಳ್ರವ್ವ, ರಸ್ತಗ ನಡೀರಿ’ ಎಂದಳು. ಎಲ್ಲರೂ ಮಡಿಲು ಬಿಚ್ಚಿ ಹೂವನ್ನು ಅಲ್ಲೇ ಸುರಿದರು. ಒಬ್ಬರೂ ಕೂಗಲಿಲ್ಲ, ಓಡಲಿಲ್ಲ. ಅಕ್ಕ ನನ್ನ ರಟ್ಟೆ ಹಿಡಿದು, ಚಿಕ್ಕಂದಿನಲ್ಲಿ ಸ್ಕೂಲಿಗೆ ಎಳೆದುಕೊಂಡು ಹೋಗುತ್ತಿದ್ದ ಹಾಗೆಯೇ ಎಳೆದುಕೊಂಡು ಹೋದಳು.

ರಸ್ತೆಗೆ ಬಂದು ತಿರುಗಿ ನೋಡಿದೆವು. ಒಂದು ದೊಡ್ಡ ಹೆಣ್ಣಾನೆ, ಹಿಂದೆ ಇನ್ನೊಂದು, ನಡುವೆ ಮರಿ. ಯಾವ ಅವಸರವೂ ಇಲ್ಲದೆ ನಾವು ನಿಂತಿದ್ದ ಸಾಲಿನ ಮೇಲೇ ಹಾದವು. ಮರಿ ನಮ್ಮ ಒಂದು ಚೀಲವನ್ನು ಎಳೆದು, ಕೊಡವಿ, ರುಚಿಸಲಿಲ್ಲವೇನೋ, ಬಿಟ್ಟುಹೋಯಿತು. ನಾನು ಅಕ್ಕನ ಬೆನ್ನ ಹಿಂದೆ ಸರಿದು ನಿಂತೆ. ಅದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆಮೇಲೆ ಅಕ್ಕ ಹೇಳಿದ್ದು ಇಷ್ಟು. ಫೋನು ಕೊಂಡಾಗ ಗುಂಡ್ಲುಪೇಟೆಯ ಅಂಗಡಿಯವಳಿಗೆ, ‘ನನ್ ಕೈಗ ಪುರಸೊತ್ತಿಲ್ಲ ಕಣಮ್ಮಿ, ಯಾರ್ ಫೋನು ಅಂತ ನೋಡಕ್ಕಾಗಲ್ಲ’ ಅಂದಿದ್ದಳಂತೆ. ಆ ಹುಡುಗಿ ಏನೋ ಒತ್ತಿ, ಫೋನು ಬಂದರೆ ಹೆಸರು ಕೂಗುವ ಹಾಗೆ ಮಾಡಿಕೊಟ್ಟಳಂತೆ. ಆ ದನಿಗೆ ಅಕ್ಕ ಇಟ್ಟ ಹೆಸರು ಕೂಸು. ಬೆಳಕು ಹರಿಯುವ ಹೊತ್ತಿನಲ್ಲಿ ಕೂಸು ಮಾದೇವಣ್ಣನ ಹೆಸರು ಹೇಳಿತೆಂದರೆ ಆನೆ ಎಂದೇ ಲೆಕ್ಕ. ಫೋನು ಎತ್ತುವುದಿಲ್ಲ, ಮಾತಾಡುವುದಿಲ್ಲ, ಎದ್ದು ನಡೆಯುವುದಷ್ಟೇ. ಮಾತಿಗೆ ನಿಂತರೆ ಅವನು ಮುಂದಿನ ಹೊಲದವರಿಗೆ ಹೇಳುವುದು ಯಾವಾಗ? ಒಬ್ಬೊಬ್ಬರಿಗೆ ಎರಡು ಸಲ ಫೋನು ಮಾಡಿ, ಬಡಿದಕೂಡಲೇ ಕತ್ತರಿಸುತ್ತಾನೆ. ಇಷ್ಟೆಲ್ಲ ಏರ್ಪಾಡಿನ ನಡುವೆ ನಿಂತಿದ್ದ ಆ ಕೂಸನ್ನು ನಾನು ಹಿಂದಿನ ಸಂಜೆ ಮುದ್ದೆಗೆ ಮುಂಚೆ ಮನೆಗೆ ಕಳಿಸಿದ್ದೆ.

ಒಪ್ಪಿಕೊಂಡೆ. ಡಿಸೇಬಲ್ ಒತ್ತುವಾಗ ಫೋನು ನನ್ನನ್ನು ಎಚ್ಚರಿಸಿತ್ತು, ಇದನ್ನು ನಿಲ್ಲಿಸಿದರೆ ಬೇರೆ ಆ್ಯಪ್‌ಗಳು ಸರಿಯಾಗಿ ನಡೆಯದೆ ಹೋಗಬಹುದು ಎಂದು. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯುತ್ತೀರಿ ಎಂದು ವರ್ಷಗಟ್ಟಲೆ ಮಕ್ಕಳ ಕಿವಿ ಹಿಂಡಿದವನು ನಾನು, ಅದನ್ನು ಓದದೆಯೇ ಸರಿ ಎಂದು ಒತ್ತಿದ್ದೆ. ಅಕ್ಕ ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ‘ನಿನ್ಗೇನ್ ಗೊತ್ತು ಕಣ್ಲಾ, ಅದು ಮಾತಾಡ್ತದ ಅಂತ ನಾನೇ ಹೇಳ್ನಿಲ್ವಲ್ಲ’ ಎಂದಳು.

ಅಷ್ಟರಲ್ಲಿ ಸೈಕಲ್ಲಿನ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ಮಾದೇವಣ್ಣ ಡೈರಿಗೆ ಹೊರಟು ಅಲ್ಲಿಗೆ ಬಂದ. ಎರಡೇ ಸಲ ಬಡಿಸುವವರು ಇವತ್ತು ಮೂರನೇ ಸಲ ಯಾಕೆ ಮಾಡಿದಿರಿ ಎಂದು ಕೇಳಿದೆ.

‘ಎರ್ಡು ಸಲಕ್ಕೇ ಸುಮ್ನಾಯ್ತಿದ್ದೆ ಮೇಷ್ಟ್ರೇ. ನೋಡ್ತೀನಿ, ಬಿಳೀ ಅಂಗಿಯೋರೊಬ್ರು ಹೊಲದ ನಡುವ್ಕ ನಿಂತ್ಕಂಡು ಪಟ ತೆಗೀತಾವ್ರ. ಇದ್ಯಾರಪ್ಪ ಆನ ಬತ್ತಾ ಇದ್ರೂ ಅಲ್ಲಾಡ್ದೋರು ಅಂತ ಬುಡ್ದೆ ಹೊಡ್ದೆ.’

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಅವನ ಕೈ ಹಿಡಿದು, ನಿಮ್ಮಿಂದ ಉಳಿದೆವು ಮಾದೇವಣ್ಣ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದೆ. ಅವನು ಪೇಚಿಗೆ ಸಿಕ್ಕವನಂತೆ ಕ್ಯಾನಿನ ಮುಚ್ಚಳ ಸರಿಮಾಡಿಕೊಳ್ಳುತ್ತ, ‘ಅಯ್ಯೋ ಬುಡಿ’ ಎಂದ. ಆಗ ನನಗೆ ಹೊಳೆಯಿತು. ಅವನು ಮಾಡುವುದೇ ಯಾರೂ ಎತ್ತದ ಫೋನು. ಎತ್ತದ ಫೋನಿಗೆ ಯಾರು ತಾನೆ ಕೃತಜ್ಞತೆ ಹೇಳಿಯಾರು? ಹೂ ಬಿಡಿಸುವ ಕಾಲದುದ್ದಕ್ಕೂ ಇಷ್ಟು ಜನರ ಜೀವ ಕಾಯುವವನಿಗೆ ಅದರ ಬಗ್ಗೆ ಒಂದು ಒಳ್ಳೆಯ ಮಾತು ಕೇಳಿ ಅಭ್ಯಾಸವೇ ಇರಲಿಲ್ಲ. ನನ್ನ ಬದುಕಿನಲ್ಲೂ ಹೀಗೆ ಸದ್ದಿಲ್ಲದೆ ನಡೆಯುತ್ತಿರುವುದು ಏನೇನಿದೆಯೋ, ಯಾರ್‍ಯಾರ ಪುಣ್ಯದಿಂದ ನಾನು ದಿನಾ ಬಸ್ಸು ಹತ್ತಿ ಸುಖವಾಗಿ ಮನೆ ಸೇರುತ್ತಿದ್ದೇನೋ. ಹೆಂಡತಿಯಿಂದ ಲೆಕ್ಕ ಶುರುಮಾಡಿದರೆ ಅಂದು ಸಂಜೆಯವರೆಗೂ ಮುಗಿಯುತ್ತಿರಲಿಲ್ಲ.

ಅಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಸೆಟ್ಟಿಂಗ್ಸ್ ತೆರೆದು ಆ ಆ್ಯಪನ್ನು ಹುಡುಕಿ ಎನೇಬಲ್ ಒತ್ತಿದೆ. ತೆಗೆಯುವಾಗ ಅಷ್ಟು ವಿಚಾರಿಸಿದ್ದ ಫೋನು ವಾಪಸು ಕರೆಯುವಾಗ ಒಂದು ಮಾತೂ ಕೇಳಲಿಲ್ಲ. ಫೋನನ್ನು ಅಕ್ಕನ ಕೊರಳ ಚೀಲಕ್ಕೆ ಹಾಕಿ, ‘ಎಲ್ಲಿ, ಒಂದ್ಸಲ ಮಾಡಿ ನೋಡಿ ಮಾದೇವಣ್ಣ’ ಎಂದೆ.

ಅವನು ಅಕ್ಕನಿಂದ ಎರಡು ಮಾರು ದೂರದಲ್ಲಿ ನಿಂತು ಒತ್ತಿದ. ಚೀಲದೊಳಗಿನಿಂದ ದನಿ ಬಂತು. ಇಂಗ್ಲಿಷಿನಲ್ಲಿ ಬರೆದಿಟ್ಟ ಹೆಸರನ್ನು ಎಳೆದು ತಿರುಚಿ, ‘ಮಾಡೆವಾನ್ನಾ’ ಎಂದು ಕೂಸು ಕೂಗಿತು. ಮಾದೇವಣ್ಣ ಎದುರಿಗೇ ಇದ್ದ. ಇದು ಪರೀಕ್ಷೆ ಎಂದೂ ಎಲ್ಲರಿಗೂ ಗೊತ್ತಿತ್ತು. ಆದರೂ ಹೆಸರು ಕೇಳಿದ್ದೇ ತಡ, ಅಕ್ಕ ಮತ್ತು ಆ ನಾಲ್ಕು ಹೆಂಗಸರು ಒಟ್ಟಿಗೆ ತಿರುಗಿ ಕಾಡಿನ ಕಡೆ ನೋಡಿದರು. ಫೋನು ಮಾಡಿದ ಮಾದೇವಣ್ಣನೂ ನೋಡಿದ.

ನಾನೂ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿರುವುದನ್ನು ಕಂಡು ಅಷ್ಟು ಸಂತೋಷಪಟ್ಟಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.