ಅತ್ಯಾಳನ್ನು ಸೆಟಲ್ ಮಾಡಿದ ಮನೆ

ಗುರೆಳ್ಳು ಹುರಿಯುವ ವಾಸನೆಯಲ್ಲಿ ಒಂದು ಸಣ್ಣ ಕಹಿಯಿದೆ. ಹದವಾಗಿ ಹುರಿದರೆ ಹಿತವಾದ ಕಹಿ, ಒಂದು ಕ್ಷಣ ಮೈಮರೆತರೆ ಗಂಟಲು ಹಿಡಿಯುವ ಕಹಿ. ಕಳೆದ ವಾರ ನಮ್ಮ ಬಿಲ್ಡಿಂಗಿನ ಲಿಫ್ಟಿನೊಳಗೆ ಆ ವಾಸನೆ ತುಂಬಿಕೊಂಡಿತ್ತು. ಯಾವ ಮಹಡಿಯಲ್ಲೋ ಯಾರೋ ಚಟ್ನಿಪುಡಿಗೆ ಹುರಿಯುತ್ತಿದ್ದರು. ಜೊತೆಗಿದ್ದ ಪಕ್ಕದ ಫ್ಲ್ಯಾಟಿನವಳು ಮಗಳ ಮದುವೆ ಗೊತ್ತಾದ ಸುದ್ದಿ ಹೇಳುತ್ತ, "ಆಂಟಿ, ಆತಾ ತೀ ಪಣ್ ಸೆಟಲ್ ಝಾಲೀ", ಈಗ ಅವಳೂ ಸೆಟಲ್ ಆದಳು, ಎಂದು ಮರಾಠಿಯಲ್ಲಿ ಹೇಳಿ ನಕ್ಕಳು. ಕಂಗ್ರಾಚುಲೇಷನ್ಸ್ ಅಂದೆ, ಇನ್ನೇನು ಅನ್ನಲಿ? ಆದರೆ ಆ ವಾಸನೆ, ಸೆಟಲ್ ಎಂಬ ಆ ಶಬ್ದ ಎರಡೂ ಒಟ್ಟಿಗೆ ಬಂದದ್ದಕ್ಕೆ ನನ್ನ ಮಹಡಿ ಬಂದದ್ದೂ ತಿಳಿಯಲಿಲ್ಲ.

ನಾನು ಚಿಕ್ಕವಳಿದ್ದಾಗ ಪುಣೆಯ ಸದಾಶಿವ ಪೇಠೆಯ ಒಂದು ವಾಡೆಯಲ್ಲಿ, ಹಲವು ಬಾಡಿಗೆ ಸಂಸಾರಗಳ ಹಳೆಯ ಕಟ್ಟಡದಲ್ಲಿ, ಕಟ್ಟಿಗೆಯ ಮೆಟ್ಟಿಲು ಹತ್ತಿದರೆ ನಮ್ಮ ಮನೆ. ಕೆಳಗೆ ಅಂಗಳದಲ್ಲಿ ಎಲ್ಲರಿಗೂ ಸೇರಿದ ನಲ್ಲಿ. ನಸುಕಿನಲ್ಲಿ ಹಿತ್ತಾಳೆಯ ಕೊಡಗಳ ಸದ್ದು, ಒದ್ದೆ ಕಲ್ಲಿನ ತಂಪು, ಯಾರದೋ ನೀರು ಕಾಯಿಸುವ ಬಂಬಿನ ಹೊಗೆ. ಅಪ್ಪ ಧಾರವಾಡದವರು, ಪುಣೆಗೆ ಗುಮಾಸ್ತರಾಗಿ ಬಂದವರು. ಮನೆಯಲ್ಲಿ ಮೂರು ಭಾಷೆಗಳಿದ್ದವು, ಮೂರಕ್ಕೂ ಬೇರೆ ಬೇರೆ ಕೆಲಸ. ಊಟಕ್ಕೆ, ಜಗಳಕ್ಕೆ, ಮುದ್ದಿಗೆ ಕನ್ನಡ. ಹಾಲಿನವನಿಗೆ, ವಾಡೆಯ ಮಾಲೀಕರಿಗೆ ಮರಾಠಿ. ಇಂಗ್ಲಿಷು ಮಾತ್ರ ತೀರ್ಪಿಗೆ. ಅಪ್ಪ ಇಂಗ್ಲಿಷಿಗೆ ಹೊರಳಿದರೆಂದರೆ ಆ ಮಾತು ಅಲ್ಲಿಗೆ ಮುಗಿಯಿತು. ಅವ್ವ ಅಂಥ ಹೊತ್ತಿನಲ್ಲಿ ಸೌಟು ಕೈಯಲ್ಲಿ ಹಿಡಿದವಳು ಹಾಗೆಯೇ ತಿರುಗಿ ಒಳಗೆ ಹೋಗುತ್ತಿದ್ದಳು. ಆ ಕಾಯಿದೆಯನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಮುರಿದವರಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ದಪ್ಪ ಡಿಕ್ಷನರಿ ಇಳಿಸಿಕೊಂಡು ಚಾಪೆಯ ಮೇಲೆ ಕೂಡುತ್ತಿದ್ದರು. ಒಂದು ಶಬ್ದ, ಅದಕ್ಕೆ ನಾನು ಮತ್ತು ನನ್ನ ಅಣ್ಣ ರಘು ಸರದಿಯಂತೆ ಅರ್ಥ ಹೇಳಬೇಕು. ಒಂದು ಭಾನುವಾರ ಆ ಶಬ್ದ ಸೆಟಲ್. ಡಿಸೈಡ್ ಅಂದ ರಘು. ಹಕ್ಕಿ ಬಂದು ಟೊಂಗೆಯ ಮೇಲೆ ಕೂಡುವುದು ಅಂದೆ ನಾನು, ನಮ್ಮ ಶಾಲೆಯ ಸಿಸ್ಟರ್ ಕಲಿಸಿದ್ದರು. ಊರಲ್ಲಿ ನೆಲೆಯಾಗುವುದು, ಬಿಲ್ಲು ತೀರಿಸುವುದು, ಜಗಳ ಬಗೆಹರಿಸುವುದು, ನೀರಿನ ಗಸಿ ತಳಕ್ಕಿಳಿಯುವುದು, ಹೊಟ್ಟೆಯ ತಳಮಳ ನಿಲ್ಲುವುದು. ಅಪ್ಪ ಓದುತ್ತಲೇ ಹೋದರು, ಮುಖದಲ್ಲಿ ಎಂಥದೋ ಒಡೆತನದ ಸಂತೋಷ.

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಕಮಲಾ ಅತ್ಯಾ ತಲೆಯೆತ್ತಿದಳು. ಅಪ್ಪನ ತಂಗಿ. ಗಂಡ ದೌಂಡದಲ್ಲಿ ರೇಲ್ವೆ ನೌಕರಿಯಲ್ಲಿದ್ದವನು ಜ್ವರದಲ್ಲಿ ತೀರಿಕೊಂಡ ಮೇಲೆ, ಒಂದು ಟ್ರಂಕು ತೆಗೆದುಕೊಂಡು ನಮ್ಮಲ್ಲಿಗೆ ಬಂದಿದ್ದಳು. ಮಕ್ಕಳಿರಲಿಲ್ಲ.

"ಅಣ್ಣಾ, ಒಂದ ಶಬ್ದಕ್ಕ ಇಷ್ಟೆಲ್ಲಾ ಕೆಲಸಾನ? ಪಾಪ. ನಾ ಅನ್ಕೊಂಡಿದ್ದೆ, ಈ ಮನ್ಯಾಗ ನನಗೊಬ್ಬಾಕಿಗೇ ಅದ ಅಂತ."

ಎಲ್ಲರೂ ನಕ್ಕೆವು. ಅಪ್ಪನೂ ನಕ್ಕರು.

ಗಂಡನ ಜಾಗದಲ್ಲಿ ಹೆಂಡತಿಗೆ ರೇಲ್ವೆಯಲ್ಲಿ ಕೆಲಸ ಕೊಡುವ ಮಾತು ಅಷ್ಟರಲ್ಲಿ ನಡೆದಿತ್ತು. ಅತ್ಯಾ ಶಾಲೆ ಕಲಿತವಳು, ಮರಾಠಿ ನೀರಿನಂತೆ ಬರುತ್ತಿತ್ತು. ನನ್ನ ಜಡೆ ಹಾಕುತ್ತ ಹೇಳುತ್ತಿದ್ದಳು: "ಪಾರ್ಸಲ್ ಆಫೀಸಿನ್ಯಾಗ ಕೂಡೂ ಕೆಲಸ ಅಂತ. ಒಂದ ಖೋಲಿ ಕ್ವಾರ್ಟರ್ಸೂ ಕೊಡ್ತಾರಂತ. ಸಣ್ಣದಿರವಲ್ದ್ಯಾಕ, ನಂದ ಇರ್ತದಲ್ಲ." ಹೇಳುವಾಗ ಜಡೆ ಎಷ್ಟು ಬಿಗಿಯಾಗುತ್ತಿತ್ತೆಂದರೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು.

ವಿಚಾರಿಸಲು ರೇಲ್ವೆಯ ಒಬ್ಬ ಸಾಹೇಬರು ಮನೆಗೇ ಬಂದರು. ಅತ್ಯಾ ಅಂದು ಇಸ್ತ್ರಿಯ ಸೀರೆ ಉಟ್ಟು ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವರು ಮರಾಠಿಯಲ್ಲಿ, ಕಮಲಾಬಾಯಿಯವರು ಏನನ್ನುತ್ತಾರೆ ಎಂದು ಕೇಳಿದರು. ಅಪ್ಪ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು: "ನೋ ನೀಡ್. ಶಿ ಈಸ್ ವೆಲ್ ಸೆಟಲ್ಡ್ ಹಿಯರ್."

ಅತ್ಯಾ ಚಹದ ಟ್ರೇ ಹಿಡಿದು ನೇರ ಹೊರಗೆ ಬಂದಳು. ಟ್ರೇ ಇಟ್ಟು, ಸೆರಗು ಸರಿಮಾಡಿಕೊಂಡು, ಸಾಹೇಬರ ಮುಖ ನೋಡಿ ಮರಾಠಿಯಲ್ಲಿ ಹೇಳಿದಳು, ನನಗೆ ಈ ನೌಕರಿ ಬೇಕು, ನಾನು ಮಾಡುತ್ತೇನೆ. ನಮ್ಮ ಮನೆಯ ಹೆಂಗಸೊಬ್ಬಳು ಪರ ಗಂಡಸಿನೆದುರು "ನನಗೆ ಬೇಕು" ಅಂದದ್ದನ್ನು ನಾನು ಮೊದಲ ಸಲ ಕೇಳಿದ್ದೆ. ಅಪ್ಪನಿಗೆ ಸಿಟ್ಟು ಬರಲಿಲ್ಲ. ಮುಗುಳ್ನಕ್ಕರು. "ಶಿ ಈಸ್ ಅನ್‌ಸೆಟಲ್ಡ್," ಎಂದರು ಮೆಲ್ಲಗೆ, "ಹಸ್ಬಂಡ್ಸ್ ಡೆತ್, ಯು ನೋ." ಸಾಹೇಬರು ಕನಿಕರದಿಂದ ತಲೆಯಾಡಿಸಿದರು. ಚಹ ಭಾಳ ಚೆನ್ನಾಗಿದೆ ಎಂದು ಹೊಗಳಿ ಮೆಟ್ಟಿಲಿಳಿದು ಹೋದರು.

"ಕಮಲೀ, ಇಲ್ಲೆ ನಿನಗೇನ ಕಡಿಮಿ ಮಾಡೀನಿ?" ಅಂದರು ಅಪ್ಪ. "ತಂಗೀನ ದುಡೀಲಿಕ್ಕೆ ಹಚ್ಚಿದಾ ಅಂತಾರ ಮಂದಿ."

"ಇಲ್ಲೇನ ಕೂತು ಉಣ್ಣಲಿಕ್ಕತ್ತೀನೇನ, ಅಣ್ಣಾ?"

ಅಪ್ಪ ಇಂಗ್ಲಿಷಿಗೆ ಹೊರಳಿದರು: "ದಿ ಮ್ಯಾಟರ್ ಈಸ್ ಸೆಟಲ್ಡ್." ಅವ್ವ ತಿರುಗಿ ಒಳಗೆ ಹೋದಳು. ಅಂದು ಸಂಜೆ ಅತ್ಯಾ ಹುರಿಯುತ್ತಿದ್ದ ಗುರೆಳ್ಳು ಹೊತ್ತಿತು. ಆ ಘಾಟಿಗೆ ವಾಡೆಯೆಲ್ಲ ಕೆಮ್ಮಿತು, ಅವಳು ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ.

ಅಪ್ಪ ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಿತ್ತು. ಕೆಟ್ಟವರಲ್ಲ. ಅವಳಿಗೆ ದೀಪಾವಳಿಗೆ ಸೀರೆ ತಂದರು, ಕಾಯಿಲೆಗೆ ಡಾಕ್ಟರನ್ನು ಕರೆತಂದರು, ಮನೆಯ ಕೆಲಸವನ್ನೆಲ್ಲ ಅವಳ ಮೇಲೆ ಬಿಟ್ಟು ಅದಕ್ಕೆ ಪ್ರೀತಿ ಎಂದು ಹೆಸರಿಟ್ಟರು. ರಘುವಿಗೆ ಪಿಂಪ್ರಿಯ ಫ್ಯಾಕ್ಟರಿಯಲ್ಲಿ ಕೆಲಸವಾಯಿತು, ಸೆಟಲ್ ಆದ. ನನಗೆ ಮದುವೆಯಾಯಿತು, ಸೆಟಲ್ ಆದೆ. ವಾಡೆ ಬಿಲ್ಡರನ ಪಾಲಾದಾಗ ಬಾಡಿಗೆದಾರರೆಲ್ಲರಿಗೂ ಸೆಟಲ್‌ಮೆಂಟ್ ಆಯಿತು. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು, ಹಣ ರಘುವಿನ ಫ್ಲ್ಯಾಟಿಗೆ ಹೋಯಿತು, ಅತ್ಯಾ ಆ ಫ್ಲ್ಯಾಟಿನ ಅಡಿಗೆಮನೆಗೆ ಹೋದಳು. ನೀರಿನ ತಳಕ್ಕೆ ಗಸಿ ಇಳಿದಂತೆ, ಸದ್ದಿಲ್ಲದೆ. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು. ಅವಳ ಕೈರುಚಿ ನಿಮಗೆ ನೆನಪಿದೆ, ಅವಳಿಗೆ ಏನು ಬೇಕಿತ್ತೆಂದು ಗೊತ್ತಿಲ್ಲ. ನನಗೆ ಗೊತ್ತಿತ್ತು. ಅದರಿಂದ ಅವಳಿಗೆ ಬಂದ ಭಾಗ್ಯವೇನೂ ಇಲ್ಲ.

ಅವಳು ತೀರಿಕೊಳ್ಳುವ ಹಿಂದಿನ ವರ್ಷ, ಸೋಲಾಪುರದಲ್ಲಿ ಬಂಧುಗಳ ಮನೆಯ ಮುಂಜಿವೆ ಮುಗಿಸಿ ನಾವಿಬ್ಬರೇ ರೈಲಿನಲ್ಲಿ ಮರಳುತ್ತಿದ್ದೆವು. ದೌಂಡ ಬಂತು. ಅತ್ಯಾ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಲೇ ಇದ್ದಳು. ಎದುರಿಗೆ ಬಂದು ಕುಳಿತ ಹೆಂಗಸು ಅದನ್ನು ಕಂಡು, ಅಜ್ಜೀ, ನೀವು ದೌಂಡದವರೇನು ಎಂದು ಮರಾಠಿಯಲ್ಲಿ ಕೇಳಿದಳು.

"ಹೌದು," ಅಂದಳು ಅತ್ಯಾ ಮರಾಠಿಯಲ್ಲೇ. "ಇಲ್ಲೇ ರೇಲ್ವೆಯಲ್ಲಿದ್ದೆ. ಪಾರ್ಸಲ್ ಆಫೀಸು. ಈಗ ರಿಟೈರ್ ಆಗಿದ್ದೇನೆ."

ನಾನು ಅವಳತ್ತ ನೋಡಿದೆ. ಅವಳು ನನ್ನತ್ತ ನೋಡಲಿಲ್ಲ. ಎಂಥ ಸರಾಗದ ಮರಾಠಿ! ಮಾವಿನ ಪೆಟ್ಟಿಗೆಗಳ ಸೀಜನ್ನಿನಲ್ಲಿ ಆಫೀಸೆಲ್ಲ ಘಮಘಮ ಎನ್ನುತ್ತಿತ್ತಂತೆ. ಹೊಸದಾಗಿ ಬಂದ ಒಬ್ಬ ಸಾಹೇಬ ದನಿಯೇರಿಸಿದಾಗ ಇವಳೇ ಅವನನ್ನು ಸುಮ್ಮನಾಗಿಸಿದಳಂತೆ. ಕ್ವಾರ್ಟರ್ಸಿನ ಕಿಟಕಿಯಿಂದ ಸಿಗ್ನಲ್ ದೀಪ ಕಾಣುತ್ತಿತ್ತಂತೆ. ಆ ಹೆಂಗಸು ಬೆರಗಿನಿಂದ ಕೇಳುತ್ತಿದ್ದಳು.

"ಡ್ಯೂಟಿ ಮಾಡಿ ಬಂದು ಒಬ್ಬರೇ ಅಡಿಗೆ ಮಾಡಿಕೊಳ್ಳುತ್ತಿದ್ದಿರೇನು, ಅಜ್ಜೀ?"

"ಅಡಿಗೆ?" ಅತ್ಯಾ ನಕ್ಕಳು. "ಅದಕ್ಕೆಲ್ಲಿ ಪುರುಸೊತ್ತು? ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದೆ. ನನಗೆ ಅಡಿಗೆ ಅಷ್ಟು ಬರುವುದೂ ಇಲ್ಲ."

ಪುಣೆಯಲ್ಲಿ ಆ ಹೆಂಗಸು ಅತ್ಯಾಳ ಕೈಹಿಡಿದು ಪ್ಲ್ಯಾಟ್‌ಫಾರ್ಮಿಗೆ ಇಳಿಸಿದಳು. "ಸಾವಕಾಶ, ಮ್ಯಾಡಮ್," ಎಂದಳು. ಅವಳು ಗದ್ದಲದಲ್ಲಿ ಮರೆಯಾಗುವವರೆಗೂ ಅತ್ಯಾ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ಆಮೇಲೆ ನನ್ನ ತೋಳಿಗೆ ಆತುಕೊಂಡು, "ನಡಿಯವ್ವಾ," ಅಂದಳು, "ರಘೂನ ಮನ್ಯಾಗ ಸಂಜೀಗೆ ಮಂದಿ ಬರೂದದ. ಹಿಟ್ಟು ನಾದಬೇಕು."