ಒಂದು ಚಿಟಿಕೆ ಸಾಂಬ್ರಾಣಿ

ಹೋದ ವಾರ ಗುಬ್ಬಿಯಿಂದ ಮನೆಗೆ ಬರುವಾಗ ಚೇಳೂರು ಕಡೆಯವರೊಬ್ಬರು ಬಸ್ಸಿಗೆ ಹಲಸಿನ ಹಣ್ಣಿನ ಮೂಟೆ ಹತ್ತಿಸಿದರು. ಕಂಡಕ್ಟರ್ ಗೊಣಗಿದ. ಸ್ವಲ್ಪ ಹೊತ್ತಿಗೆ ಬಸ್ಸಿನ ತುಂಬ ಅದೇ ವಾಸನೆ. ನಾನು ಕಿಟಕಿ ಪಕ್ಕ ಕೂತು, ಯಾವತ್ತಿನಂತೆ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟಿದ್ದೆ. ಯಾರಿಗೆ ಸೀಟು ಹಿಡಿದಿದ್ದೇನೆ ಎಂದು ಆಮೇಲೆ ಹೊಳೆದು, ಬ್ಯಾಗ್ ತೆಗೆದು ತೊಡೆ ಮೇಲೆ ಇಟ್ಟುಕೊಂಡೆ...

ನಾನು ದಿನಾ ಸೀಟು ಹಿಡಿಯುತ್ತಿದ್ದುದು ನಮ್ಮ ಶಾಲೆಯ ಹಿಸ್ಟರಿ ಮಿಸ್‌ಗೆ. ನಾನು ಕನ್ನಡ ಟೀಚರ್. ಇಬ್ಬರ ಮನೆಯೂ ತುಮಕೂರಿನಲ್ಲಿ, ಶಾಲೆ ಗುಬ್ಬಿಯಲ್ಲಿ. ಹಲಸಿನ ಕಾಲ ಬಂದರೆ ಅವರು ಸ್ಟಾಫ್ ರೂಮಿನಲ್ಲಿ ಪೇಪರ್ ಹಾಸಿ, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ ಎಲ್ಲರಿಗೂ ಹಂಚುತ್ತಿದ್ದರು. ಕುಣಿಗಲ್ ಕಡೆಯ ಕ್ರೈಸ್ತರು ಅವರು. ನಾವು ಲಿಂಗ ಕಟ್ಟುವವರು. ಆ ಮಾತು ನಮ್ಮ ನಡುವೆ ಬಂದದ್ದೇ ಕಡಿಮೆ.

ಶಾಲೆ ಕಟ್ಟಿಸಿದ ಯಜಮಾನರ ಪುಣ್ಯತಿಥಿ ವರ್ಷಕ್ಕೊಮ್ಮೆ ಬರುತ್ತಿತ್ತು. ಶಾಲೆಯ ಹಾಲ್‌ನಲ್ಲಿ ಅವರ ದೊಡ್ಡ ಫೋಟೋ ಇಟ್ಟು ಹಾರ ಹಾಕಿ, ಮುಂದೆ ಕೆಂಡದ ಬಟ್ಟಲು ಇಡುತ್ತಿದ್ದರು. ಟೀಚರುಗಳೆಲ್ಲ ಸಾಲಾಗಿ ಹೋಗಿ ಒಂದೊಂದು ಚಿಟಿಕೆ ಸಾಂಬ್ರಾಣಿ ಹಾಕಿ ಕೈಮುಗಿಯಬೇಕು. ತಟ್ಟೆ ಹಿಡಿದು ನಿಲ್ಲುತ್ತಿದ್ದವರು ಯಜಮಾನರ ಹೆಂಡತಿ. ಅವರನ್ನು ನಾವು ಅಮ್ಮ ಎನ್ನುತ್ತಿದ್ದೆವು. ಮಿಸ್ ಕೆಲಸಕ್ಕೆ ಸೇರಿದ ವರ್ಷವೇ ಹೆಡ್‌ಮಾಸ್ಟರು ಅವರನ್ನು ಕರೆದು, ಆವತ್ತೊಂದು ದಿನ ರಜಾ ಹಾಕಿಬಿಡಿ, ನಿಮಗೂ ಮುಜುಗರ ಬೇಡ, ನಮಗೂ ಬೇಡ ಎಂದಿದ್ದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮಿಸ್ ಪ್ರತಿ ವರ್ಷ ರಜಾ ಹಾಕುತ್ತಾ ಬಂದರು.

ಒಂದು ವರ್ಷ ಅವರು ಎಂಟನೇ ಕ್ಲಾಸಿಗೆ ರೋಮಿನ ಪಾಠ ಮಾಡುತ್ತಿದ್ದರು. ಪಕ್ಕದ ಕ್ಲಾಸು ನನ್ನದು, ನಡುವೆ ಅರ್ಧ ಗೋಡೆ. ರೋಮಿನವರು ತಮ್ಮ ಚಕ್ರವರ್ತಿಗಳಿಗೆ ಗುಡಿ ಕಟ್ಟಿ ಪೂಜೆ ಮಾಡುತ್ತಿದ್ದುದನ್ನು ಹೇಳಿದರು. ಅದು ಅವರಿಗೆ ಬರೀ ಭಕ್ತಿಯಲ್ಲ, ನಾನು ಈ ರಾಜ್ಯದವನು ಎಂದು ತೋರಿಸುವ ರೀತಿ ಎಂದರು. ಕ್ರೈಸ್ತರನ್ನು ಹಿಡಿದು ತಂದಾಗ ಅಧಿಕಾರಿಗಳು ಎಷ್ಟೋ ಸಲ ಬೇಡಿಕೊಳ್ಳುತ್ತಲೇ ಇದ್ದರಂತೆ. ವಿಗ್ರಹದ ಮುಂದೆ ಒಂದು ಚಿಟಿಕೆ ಧೂಪ ಹಾಕು, ಮನೆಗೆ ಹೋಗು, ಒಳಗೆ ಯಾರನ್ನು ಬೇಕಾದರೂ ನಂಬಿಕೋ. ಹಾಕದವರಲ್ಲಿ ಕೆಲವರನ್ನು ಸಿಂಹಗಳ ಮುಂದೆ ಬಿಟ್ಟರು.

ಒಬ್ಬ ಹುಡುಗ ಎದ್ದು, "ಅವತ್ತೊಂದಿನ ರಜಾ ಹಾಕ್ಬೋದಿತ್ತಲ್ವಾ ಮಿಸ್?" ಅಂದ.

"ಜ್ವರ ಅಂತ ಲೀವ್ ಲೆಟರ್ ಕೊಟ್ಟಿದ್ರೆ ಆಗಿರೋದು ಕಣ್ಲಾ," ಅಂದ ಇನ್ನೊಬ್ಬ.

ಆ ಕ್ಲಾಸು ನಕ್ಕಿತು, ನನ್ನ ಕ್ಲಾಸೂ ನಕ್ಕಿತು. ಗೋಡೆಯಾಚೆ ಮಿಸ್ ಬೋರ್ಡು ಒರೆಸುವ ಸದ್ದು ಕೇಳಿಸಿತು.

ಸಂಜೆ ಬಸ್ಸಿನಲ್ಲಿ ಅವರೇ ಮಾತು ತೆಗೆದರು. ಆ ಕಾಲದಲ್ಲೂ ಅಂಥವರಿದ್ದರಂತೆ. ಧೂಪ ಹಾಕದೆಯೇ ಹಾಕಿದೆವೆಂದು ಅಧಿಕಾರಿಗಳಿಂದ ಬರೆಸಿಕೊಂಡು ತಪ್ಪಿಸಿಕೊಂಡವರು. ಗಲಾಟೆ ಮುಗಿದ ಮೇಲೆ ಅವರು ಅಳುತ್ತಾ ಚರ್ಚಿಗೆ ವಾಪಸ್ಸು ಬಂದರೆ, ಒಳಗಿದ್ದವರಿಗೆ ಇವರನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲವಂತೆ. "ನಾನೂ ಅಲ್ಲೇ ಬಾಗಿಲಲ್ಲಿ ನಿಂತಿದೀನಿ ಅನ್ಸುತ್ತೆ ಮಿಸ್," ಅಂದರು. ಮಕ್ಕಳ ಮಾತು ತಲೆಗೆ ಹಚ್ಚಿಕೋಬೇಡಿ ಎಂದೆ. ಅವರು ಹೂಂ ಅಂದರು...

ಆ ವರ್ಷ ಅವರು ರಜಾ ಹಾಕಲಿಲ್ಲ. ಸಾಲಿನಲ್ಲಿ ನನ್ನ ಹಿಂದೆ ಬಂದು ನಿಂತರು. ನಾನು ಹಾಕಿ ಪಕ್ಕಕ್ಕೆ ಸರಿದೆ. ಅಮ್ಮ ತಟ್ಟೆಯನ್ನು ಅವರ ಮುಂದೆ ಹಿಡಿದರು. ಮಿಸ್ ತಂದೆಗೆ ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದಾಗ ಮೊದಲು ಊಟ ಕಳಿಸಿದ್ದವರು ಈ ಅಮ್ಮನೇ. ಬೇರೆ ಯಾರು ತಟ್ಟೆ ಹಿಡಿದಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದು ಅವರು ಆಮೇಲೆ ನನಗೆ ಹೇಳಿದ್ದರು.

"ಯಜಮಾನರಿಗೋಸ್ಕರ ದೇವರ ಹತ್ರ ದಿನಾ ಪ್ರಾರ್ಥನೆ ಮಾಡ್ತೀನಿ ಅಮ್ಮ. ಇದನ್ನ ಹಾಕಕ್ಕೆ ನನ್ ಕೈಲಿ ಆಗಲ್ಲ."

ಅಮ್ಮ ಸಿಟ್ಟಾಗಲಿಲ್ಲ. "ಒಂದು ಚಿಟಿಕೆ ಕಣಮ್ಮ. ನನಗೋಸ್ಕರ," ಅಂದರು.

ಮಿಸ್ ತಲೆ ತಗ್ಗಿಸಿಕೊಂಡು ನಿಂತೇ ಇದ್ದರು. ಅಮ್ಮ ತಟ್ಟೆಯನ್ನು ಇಳಿಸಲಿಲ್ಲ. ಕೊನೆಗೆ ಹಿಂದಿನವರು ಅವರನ್ನು ದಾಟಿ ಮುಂದೆ ಹೋದರು.

ಕೆಲಸದಿಂದ ಯಾರೂ ತೆಗೆಯಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಹಿಸ್ಟರಿ ಬೇರೆಯವರ ಪಾಲಾಗಿತ್ತು. ಇವರಿಗೆ ಲೈಬ್ರರಿ ಬೀಗದ ಕೈಯನ್ನೂ ಡ್ರಾಯಿಂಗ್ ಪೀರಿಯಡ್ಡನ್ನೂ ಕೊಟ್ಟರು. ಸ್ಟಾಫ್ ರೂಮಿನಲ್ಲಿ ಮಾತು ಕಡಿಮೆಯಾಯಿತು, ಹಲಸಿನ ತೊಳೆಗೆ ಕೈ ಚಾಚುವವರೂ ಕಡಿಮೆಯಾದರು. ಪಿ.ಟಿ. ಮೇಷ್ಟ್ರು ಮಾತ್ರ, "ಏನ್ ಮಿಸ್, ಸಿಂಹ ಬಂತಾ?" ಎಂದು ಕೆಣಕುತ್ತಿದ್ದರು. ಅಮ್ಮ ಮಿಸ್ಸನ್ನು ಮತ್ತೆ ಮಾತಾಡಿಸಲಿಲ್ಲ. ನಾನು ಸಿಕ್ಕಾಗ ಮಾತ್ರ, "ಅವಳು ಉಂಡ್ಲಾ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಹಾಗೆ ಕೇಳುತ್ತಲೇ ಒಂದು ದಿನ ಅಮ್ಮನೂ ಹೋಗಿಬಿಟ್ಟರು.

ಬೇರೆ ಶಾಲೆ ನೋಡಿಕೊಳ್ಳಿ ಎಂದು ನಾನು ಹೇಳಿದ್ದೆ. ಮಿಸ್ ಎರಡು ಕಡೆ ಕೇಳಿಯೂ ಬಂದರು. ಈ ವಯಸ್ಸಿನಲ್ಲಿ ಇರುವ ಕಡೆಯನ್ನು ಯಾಕೆ ಬಿಡುತ್ತೀರಿ ಎಂದು ಅಲ್ಲಿ ಅನುಮಾನದಿಂದ ನೋಡಿದರಂತೆ. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ, ಊರು ಬಿಟ್ಟು ಹೋಗುವ ಹಾಗೂ ಇರಲಿಲ್ಲ. ಅವರ ಚರ್ಚಿನಲ್ಲಿ ಒಬ್ಬರು, ನೀನು ನಂಬಿಕೆಗೆ ಸಾಕ್ಷಿ ಕೊಟ್ಟವಳು ಎಂದು ಹೊಗಳಿದರಂತೆ. ಅದನ್ನು ಹೇಳುವಾಗ ಅವರ ಮುಖ ಸಪ್ಪಗಾಗಿತ್ತು.

"ಸಿಂಹ ಇದ್ದಿದ್ರೆ ಸುಲಭ ಇತ್ತು ಮಿಸ್. ಒಂದು ಮಧ್ಯಾಹ್ನದಲ್ಲಿ ಮುಗಿದ್ಹೋಗೋದು. ನಮ್ಮದು ನೋಡಿ, ದಿನಾ ಬೆಲ್ ಹೊಡೆಯುತ್ತೆ, ದಿನಾ ಒಳಗೆ ಹೋಗ್ಬೇಕು."

ಹಾಗೆ ಒಳಗೆ ಹೋಗುತ್ತಲೇ ಇದ್ದರು. ತಂದೆ ತೀರಿಕೊಂಡ ಮೇಲಾದರೂ ಬಿಡಬಹುದಿತ್ತು. ಅಷ್ಟರಲ್ಲಿ ಅವರಿಗೇ ಕಾಯಿಲೆ ಬಂತು. ಹೋದ ತಿಂಗಳು ಕುಣಿಗಲ್ಲಿನ ಅವರ ಸಮಾಧಿ ಜಾಗದಲ್ಲಿ ಹೂಳಿದರು. ಹೂಳುವುದು ನಮ್ಮಲ್ಲೂ ಇದೆ. ಒಂದು ಹಿಡಿ ಮಣ್ಣು ಹಾಕಲು ನನ್ನನ್ನೂ ಕರೆದರು, ಹಾಕಿದೆ.

ಮೊನ್ನೆ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಗ್ರೂಪ್ ಫೋಟೋದಿಂದ ಅವರ ಮುಖವನ್ನು ದೊಡ್ಡದು ಮಾಡಿಸಿ, ಹಾರ ಹಾಕಿ, ಮುಂದೆ ಕೆಂಡದ ಬಟ್ಟಲು ಇಟ್ಟಿದ್ದರು. ಕೆಟ್ಟ ಮನಸ್ಸು ಯಾರದೂ ಅಲ್ಲ. ಪಿ.ಟಿ. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾ ತಟ್ಟೆ ಹಿಡಿದಿದ್ದರು. ನಮ್ಮ ಮನೆಯಲ್ಲಿ ಸತ್ತವರಿಗೆ ಧೂಪ ಹಾಕದೆ ಕಳಿಸಿದ್ದಿಲ್ಲ. ಹಾಕಿದರೆ ಅವರ ಅಷ್ಟು ವರ್ಷದ ಕಷ್ಟ ಏನಾಯಿತು, ಹಾಕದಿದ್ದರೆ ನನ್ನ ದುಃಖ ಎಲ್ಲಿ ಹೋಯಿತು... ಸಾಲು ಮುಂದೆ ಹೋಗುತ್ತಲೇ ಇತ್ತು.

"ಹಾಕಿ ಮಿಸ್, ನಿಮ್ ಫ್ರೆಂಡಲ್ವಾ," ಅಂದರು ಮೇಷ್ಟ್ರು.

ನಾನು ಹಾಕಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಸುಮ್ಮನೆ ಸರಿದು ನಿಂತೆ. ಕೊನೆಗಾಲದಲ್ಲಿ ಇಬ್ಬರ ನಡುವೆ ಏನೋ ಜಗಳ ಆಗಿರಬೇಕು ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ತಿರುಗಿ ಹೇಳೋಣವೆಂದರೆ ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ. ಇಡೀ ಹಾಲ್‌ನಲ್ಲಿ ಅದು ಅರ್ಥವಾಗುತ್ತಿದ್ದದ್ದು ಫೋಟೋದಲ್ಲಿದ್ದ ಅವರೊಬ್ಬರಿಗೇ.